ಕೆರೆಯ ಹಸುರಿಗೆ ಹೆಸರು ಬೇಕು

ಚಿತ್ತಾಕುಲವೆಂದರೆ ಇತಿಹಾಸಪ್ರಿಯರಿಗೆ ಕಾಳಿಯ ಉತ್ತರ ದಂಡೆಯ ಸದಾಶಿವಗಡ ನೆನಪಾಗುತ್ತದೆ. ಪೋರ್ತುಗೀಜರ ಬರಹಗಳನ್ನು ತಿರುವಿದವರಿಗೆ ಅವರು ‘ಸಿಂತಾಕೋರ’ ಎಂದು ತಿರುಚಿ ಬರೆದ ಊರು ನೆನಪಾಗುತ್ತದೆ. ಪರದೇಶಿಗಳು ನಮ್ಮ ಊರಿನ ಹೆಸರನ್ನು ಕೆಡಿಸಿದರೆಂದು ನಾವು ನಗುವುದುಂಟು. ಆದರೆ ನಮ್ಮ ಕೆರೆಗಳ ಮೇಲೆ ಬಂದು ನೆಲೆಸಿದ ಪರದೇಶದ ಗಿಡಗಳನ್ನು ನಾವು ಕರೆಯುತ್ತಿರುವ ರೀತಿಯನ್ನು ನೋಡಿದರೆ ಆ ನಗೆಯನ್ನು ತುಸು ತಡೆದುಕೊಳ್ಳುವುದು ಲೇಸು.

ಕನ್ನಡದಲ್ಲಿ ‘ಅಂತರಗಂಗೆ’ ಎಂಬ ಸೊಗಸಾದ ಮಾತೊಂದಿದೆ. ನೆಲವನ್ನು ಮುಟ್ಟದೆ ನೀರಿನ ಮೇಲೆಯೇ ಬಾಳುವ ಗಿಡಕ್ಕೆ ಇದಕ್ಕಿಂತ ಒಪ್ಪುವ ಹೆಸರು ದೊರೆಯಲಾರದು. ಈ ಹೆಸರು ಮೊದಲು ಸಲ್ಲುತ್ತಿದ್ದುದು, ಪುಟ್ಟ ಎಲೆಕೋಸು ಬಿರಿದು ತೇಲಿದಂತೆ ಕಾಣುವ, ತೊಟ್ಟಿಲ್ಲದ ಮಖಮಲ್ಲಿನಂಥ ಎಲೆಗಳುಳ್ಳ ಪಿಸ್ಟಿಯ ಎಂಬ ಗಿಡಕ್ಕೆ. ಅದರ ಮೂಲದೇಶ ಯಾವುದೆಂಬ ವಿಷಯದಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಆದರೆ ಪಡುವಣ ಕರಾವಳಿಗೆ ಅದು ಹೊಸತಲ್ಲ. 1678ರಿಂದ 1693ರ ವರೆಗೆ ಆಂಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ‘ಹೋರ್ತುಸ್ ಮಲಬಾರಿಕುಸ್’ ಗ್ರಂಥದ ಹನ್ನೊಂದನೆಯ ಸಂಪುಟದಲ್ಲಿ ಅದರ ಚಿತ್ರವಿದೆ. ಆ ಮಹಾಗ್ರಂಥಕ್ಕೆ ನೆರವಾದವರಲ್ಲಿ ಇಟ್ಟಿ ಅಚ್ಯುತನ್ ಎಂಬ ಮಲೆಯಾಳ ವೈದ್ಯರೊಡನೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿಗರೂ ಇದ್ದರು. ಗಿಡಗಳನ್ನು ಹೆಸರು ಹಿಡಿದು ಗುರುತಿಸುವ ವಿದ್ಯೆ ನಮ್ಮ ತೀರದ ಜನಕ್ಕೆ ಅಪರಿಚಿತವಾಗಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಈಗಲಾದರೋ ‘ಅಂತರಗಂಗೆ’ ಎಂದು ಪತ್ರಿಕೆಯಲ್ಲಿ ಅಚ್ಚಾದರೆ ಹೆಚ್ಚಿನ ಸಲ ಅದು ಬೇರೆಯೇ ಗಿಡ. ಉಬ್ಬಿದ ತೊಟ್ಟು, ಹೊಳೆಯುವ ದುಂಡೆಲೆ, ಮೇಲಿನ ದಳದಲ್ಲಿ ನವಿಲುಗಣ್ಣಿನಂತೆ ಹಳದಿ ಬೊಟ್ಟಿಟ್ಟ ತಿಳಿನೇರಿಳೆ ಹೂವು: ಇದು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಸೀಮೆಯಿಂದ ಬಂದ ನೀರು ಹಯಸಿಂತ್. ಹೂವಿನ ಚೆಲುವಿಗೆ ಮರುಳಾದವರು ಇದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬಂಗಾಳಕ್ಕೆ ತಂದರು. 1936ರಲ್ಲಿ ಅದನ್ನು ನಿರ್ಮೂಲಗೊಳಿಸಲು ಅಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಮೂರನೆಯದು ಸಾಲ್ವೀನಿಯ. ಅದು ಹೂವೇ ಬಿಡದ ಒಂದು ಜರೀಗಿಡ. ಕೇರಳದವರು ಅದನ್ನು ‘ಆಫ್ರಿಕನ್ ಪಾಯಲ್’ ಎನ್ನುತ್ತಾರೆ. ಅದರ ತೌರೂರು ಆಫ್ರಿಕವಲ್ಲ, ಬ್ರೆಜಿಲ್. ಈ ಮೂರನ್ನೂ ಒಂದೇ ಹೆಸರಿನಿಂದ ಕರೆದು, ಒಂದೇ ಬುಟ್ಟಿಯಲ್ಲಿ ತುಂಬಿ ದಂಡೆಗೆ ಸುರಿಯುವುದು ನಮ್ಮಲ್ಲಿ ನಡೆದುಬಂದ ಪದ್ಧತಿ.

ಕಳೆಯನ್ನು ಕೀಳುವವನಿಗೆ ಅದರ ಜಾತಕವೇಕೆ ಎಂದು ಕೇಳುವವರಿದ್ದಾರೆ. ಮೇಲುನೋಟಕ್ಕೆ ಈ ಪ್ರಶ್ನೆ ನ್ಯಾಯವಾಗಿಯೇ ಕಾಣುತ್ತದೆ. ಅಂಥವರು ಸಾಲ್ವೀನಿಯದ ಕಥೆಯನ್ನು ಕೇಳಬೇಕು. ಆಫ್ರಿಕದ ಕರೀಬ ಅಣೆಕಟ್ಟು 1958ರಲ್ಲಿ ನೀರು ಕಟ್ಟತೊಡಗಿದ ಕೆಲವೇ ವರ್ಷಗಳಲ್ಲಿ ಈ ಗಿಡ ಆ ಸರೋವರದ ನೂರಾರು ಚದರ ಮೈಲಿಗಳನ್ನು ಹೊದೆಯಿತು. ವಿಜ್ಞಾನಿಗಳು ಅದನ್ನು ಆಗಲೇ ಹೆಸರುಳ್ಳ ‘ಸಾಲ್ವೀನಿಯ ಆರಿಕ್ಯುಲೇಟ’ ಎಂದೇ ಭಾವಿಸಿ, ಆ ಜಾತಿ ಬೆಳೆಯುವ ಟ್ರಿನಿಡಾಡಿನಿಂದ ಅದನ್ನು ತಿನ್ನುವ ಕೀಟಗಳನ್ನು ತರಿಸಿ ಬಿಟ್ಟರು. ಕೀಟಗಳಿಂದ ಹೇಳಿಕೊಳ್ಳುವಂಥ ಕೆಲಸವಾಗಲಿಲ್ಲ. 1972ರಲ್ಲಿ ಮಿಚೆಲ್ ಎಂಬ ಸಸ್ಯಶಾಸ್ತ್ರಜ್ಞರು ಇದು ಬೇರೆಯೇ ಜಾತಿಯೆಂದು ಕಂಡು ‘ಸಾಲ್ವೀನಿಯ ಮೊಲೆಸ್ಟ’ ಎಂಬ ಹೆಸರಿಟ್ಟರು. ಹೆಸರು ಸರಿಹೋದ ಬಳಿಕ ಅದರ ನಿಜವಾದ ತೌರನ್ನು ಹುಡುಕುವುದು ಸಾಧ್ಯವಾಯಿತು; 1978ರಲ್ಲಿ ಆಗ್ನೇಯ ಬ್ರೆಜಿಲಿನಲ್ಲಿ ಅದು ದೊರೆಯಿತು. ಅಲ್ಲಿ ಅದನ್ನು ತಿಂದು ಬದುಕುವ ಒಂದು ಪುಟ್ಟ ಸೊಂಡಿಲುಹುಳುವಿತ್ತು. ಆ ಹುಳುವನ್ನು 1980ರಲ್ಲಿ ಆಸ್ಟ್ರೇಲಿಯದ ಮೂಂಡಾರ ಸರೋವರಕ್ಕೆ ಬಿಟ್ಟಾಗ ಒಂದೂವರೆ ವರ್ಷದೊಳಗೆ ಸರೋವರ ತೆರವಾಯಿತು. ಸೋಜಿಗವೆಂದರೆ, ಆ ಹುಳುವೂ ಮೊದಲು ಟ್ರಿನಿಡಾಡಿನ ಹುಳುವೆಂದೇ ಎಣಿಕೆಯಾಗಿತ್ತು. ಅದು ಹೊಸ ಜಾತಿಯೆಂದು ಶಾಸ್ತ್ರವು ಒಪ್ಪಿದ್ದು 1985ರಲ್ಲಿ. ಗಿಡದ ಹೆಸರು ತಪ್ಪಿದ್ದರಿಂದ ಹಲವು ವರ್ಷಗಳ ದುಡಿಮೆ ನೀರುಪಾಲಾಯಿತು.

ಇದು ಪರದೇಶದ ಮಾತಷ್ಟೇ ಅಲ್ಲ. ಅದೇ ಹುಳು 1983ರ ಸುಮಾರಿಗೆ ಬೆಂಗಳೂರಿಗೂ ಬಂದಿತು. ಅಲ್ಲಿಯ ಒಂದು ಕೊಳವನ್ನು ಸಾಲ್ವೀನಿಯ ಮುಚ್ಚಿತ್ತು. ಹುಳುವನ್ನು ಬಿಟ್ಟು ವರ್ಷ ತುಂಬುವ ಮೊದಲೇ ನೀರು ತೆರೆದುಕೊಂಡು, ಉಸಿರು ಕಟ್ಟಿ ಅಡಗಿದ್ದ ನೈದಿಲೆ ಮತ್ತೆ ತಲೆಯೆತ್ತಿತು. ಹಯಸಿಂತನ್ನು ತಿನ್ನುವ ಹುಳುಗಳನ್ನೂ ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಬಿಟ್ಟು ನೋಡಿದರು. ಆದರೆ ಈ ಹುಳುಗಳ ನಾಲಿಗೆ ಬಹಳ ಬಿಗಿ. ಸಾಲ್ವೀನಿಯದ ಹುಳು ಹಯಸಿಂತನ್ನು ತಿನ್ನದು, ಹಯಸಿಂತಿನದು ಸಾಲ್ವೀನಿಯವನ್ನು ಮೂಸದು. ಮೂರಕ್ಕೂ ‘ಅಂತರಗಂಗೆ’ ಎನ್ನುವ ಊರಿನವರು ನಾಳೆ ಹುಳು ಬೇಕೆಂದು ಅರ್ಜಿ ಬರೆದರೆ, ಯಾವುದನ್ನು ಕಳಿಸಬೇಕು?

ಗುರುತು ಹಿಡಿಯುವುದೇನೂ ಬ್ರಹ್ಮವಿದ್ಯೆಯಲ್ಲ. ಸಾಲ್ವೀನಿಯದ ಎಲೆಯನ್ನು ಕೈಗೆತ್ತಿಕೊಂಡು ಬಿಸಿಲಿಗೆ ಹಿಡಿದು ನೋಡಬೇಕು. ಎಲೆಗಳು ಜೋಡಿಜೋಡಿಯಾಗಿ ತೇಲುತ್ತವೆ. ಮೇಲ್ಮೈಯ ತುಂಬ ಬಿಳಿಯ ರೋಮಗಳು. ಮೊಲೆಸ್ಟ ಜಾತಿಯಲ್ಲಿ ಒಂದೊಂದು ರೋಮವೂ ಕವಲೊಡೆದು, ಕವಲುಗಳ ತುದಿಗಳು ಮತ್ತೆ ಕೂಡಿ ಪುಟ್ಟ ಪಂಜರದಂತಾಗುತ್ತವೆ. ನೀರಿನೊಳಗೆ ಬೇರಿನಂತೆ ತೂಗುವುದು ಬೇರಲ್ಲ, ಸೀಳುಸೀಳಾದ ಮೂರನೆಯ ಎಲೆ. ಬೀಜವಿಲ್ಲ, ಫಲಿಸುವ ಬೀಜಾಣುವಿಲ್ಲ. ಮುರಿದ ತುಣುಕೊಂದು ಬಲೆಗೋ ಬಿಂದಿಗೆಗೋ ಅಂಟಿ ಮುಂದಿನ ಕೆರೆಗೆ ಹೋದರೆ ಸಾಕು, ಸಂಸಾರ ಹೂಡುತ್ತದೆ. ಹಯಸಿಂತಿನ ಸ್ವಭಾವ ಬೇರೆ. ಅದು ಮರಿ ಹಾಕುವುದರ ಜೊತೆಗೆ ಬೀಜವನ್ನೂ ಬಿಡುತ್ತದೆ. ಆ ಬೀಜ ಕೆಸರಿನಲ್ಲಿ ಹದಿನೈದು ಇಪ್ಪತ್ತು ವರ್ಷ ಜೀವ ಹಿಡಿದಿರಬಲ್ಲದು. ಆದುದರಿಂದ ಒಂದು ಬೇಸಗೆಯ ಶ್ರಮದಾನದಿಂದ ಅದರ ಕಥೆ ಮುಗಿಯಿತೆಂದು ತಿಳಿಯುವ ಕಾರ್ಯಕರ್ತರು ಮರುವರ್ಷ ನಿರಾಶರಾಗುತ್ತಾರೆ. ಪಿಸ್ಟಿಯ ಹಳೆಯ ಒಕ್ಕಲೆಂದು ಅದಕ್ಕೆ ವಿನಾಯಿತಿ ಕೊಡಬೇಕೆಂದೂ ನಾನು ಹೇಳುವವನಲ್ಲ. ಅದರ ಬೇರಿಗೆ ಅಂಟಿಕೊಂಡು ಉಸಿರಾಡುವ ಒಂದು ಬಗೆಯ ಸೊಳ್ಳೆಮರಿಯೇ ಕೇರಳದ ಚೇರ್ತಲ ಸೀಮೆಯಲ್ಲಿ ಆನೆಕಾಲು ರೋಗವನ್ನು ಹಬ್ಬಿಸಿದ್ದು.

ಇನ್ನು ಗುರುತು ತಪ್ಪಿದರೆ ಬೀಳುವ ಇನ್ನೊಂದು ಪೆಟ್ಟು. ಮಳೆಗಾಲದ ಕೊಳಗಳಲ್ಲಿ, ಗದ್ದೆಯ ನಿಂತ ನೀರಿನಲ್ಲಿ ವೀಸ್ನೇರಿಯ ಟ್ರಯಾಂಡ್ರ ಎಂಬ ಹುಲ್ಲೆಸಳಿನಂಥ ಬಡಪಾಯಿ ಗಿಡವೊಂದು ಬೆಳೆಯುತ್ತದೆ. ಭಾರತದ ಪಡುವಣ ಭಾಗವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದಕ್ಕೆ ಮನೆಯಿಲ್ಲ. ಅದನ್ನು ಕಳೆಯೆಂದು ಕಿತ್ತೆಸೆಯುವವನ ಕೈಗೆ ತಾನು ಮಾಡಿದ್ದೇನೆಂದು ತಿಳಿಯುವುದೇ ಇಲ್ಲ. ಪಾರಿವಾಳದ ಗರಿಯಂತೆ ಬಿಳಿಯ ಅಂಚುಗೂದಲಿನ ಹೂಬಿಡುವ ನಿಂಫಾಯ್ಡಿಸ್ ಇದೆ, ನೈದಿಲೆಯಿದೆ. ಇವೆಲ್ಲ ತೇಲುವ ಎಲೆಯುಳ್ಳವೇ. ಆದರೆ ಇವುಗಳ ಬೇರು ಕೆಸರಿನಲ್ಲಿದೆ, ಎಳೆದರೆ ಪ್ರತಿರೋಧಿಸುತ್ತವೆ. ಅಲೆಮಾರಿ ಗಿಡಗಳು ಹಾಗಲ್ಲ, ಕೈಯೊಡನೆ ಬಂದುಬಿಡುತ್ತವೆ.

ಪರದೇಶಿ ಎಂಬ ಮಾತನ್ನು ಬೈಗುಳವಾಗಿ ಬಳಸುವುದು ನನಗೆ ಸಮ್ಮತವಲ್ಲ. ಕಾರವಾರದ ಗುಡ್ಡಗಳ ಗೇರು ಬಂದದ್ದೂ ಬ್ರೆಜಿಲಿನಿಂದಲೇ. ನಮ್ಮ ಸಾರಿನ ಮೆಣಸಿನಕಾಯಿಯೂ ಅಮೆರಿಕದ್ದೇ. ನಮ್ಮ ಕೆರೆಗಳಲ್ಲಿ ತೆಪ್ಪಗಿರುವ ಹೈಡ್ರಿಲ್ಲ 1950ರ ದಶಕದಲ್ಲಿ ಗಾಜಿನ ತೊಟ್ಟಿಯ ಅಲಂಕಾರಕ್ಕೆಂದು ಸಿಂಹಳದಿಂದ ಫ್ಲಾರಿಡಾಕ್ಕೆ ಹೋಗಿ, ಅಲ್ಲಿಯ ನದಿಗಳಿಗೆ ಪೀಡೆಯಾಗಿದೆ. ಗಿಡದಲ್ಲಿ ದೋಷವಿಲ್ಲ, ಅದರ ಶತ್ರುಗಳನ್ನು ಹಿಂದೆ ಬಿಟ್ಟು ಗಿಡವನ್ನು ಮಾತ್ರ ತಂದವರದು ದೋಷ. ಆ ಗಾಜಿನ ತೊಟ್ಟಿಯ ವ್ಯಾಪಾರವೇ ಈಗ ನಾವು ಮುಖ್ಯವಾಗಿ ಅಂಜಬೇಕಾದದ್ದು. 2020ರಲ್ಲಿ ಕೋಳಿಕ್ಕೋಡು ಜಿಲ್ಲೆಯ ಆವಳಪಾಂಡಿಯಲ್ಲಿ ತೋಡೊಂದು ಗುಲಾಬಿ ಹೂವಿನಿಂದ ತುಂಬಿದಾಗ ಜನ ಜಾತ್ರೆಯಂತೆ ನೆರೆದರು. ಅದು ದಕ್ಷಿಣ ಅಮೆರಿಕದ ಕಬೊಂಬ. ನೋಡಬಂದವರಲ್ಲಿ ಕೆಲವರು ಕಿತ್ತು ಮನೆಗೂ ಒಯ್ದರು!

ಚಿತ್ತಾಕುಲದ ಮಟ್ಟಿಗೆ ಒಂದು ವಿಶೇಷವುಂಟು. ಹಯಸಿಂತ್ ಉಪ್ಪುನೀರನ್ನು ತಾಳದು. ಭರತದ ಉಪ್ಪು ಒಳನುಗ್ಗುವ ಕಾಳಿಯ ಅಳಿವೆಯೂ ಗಜನಿಯ ಬಯಲುಗಳೂ ಬೇಸಗೆಯಲ್ಲಿ ತಮ್ಮನ್ನು ತಾವೇ ಕಾಯ್ದುಕೊಳ್ಳುತ್ತವೆ. ಕಾವಲಿಲ್ಲದೆ ಉಳಿಯುವುದು ಸಿಹಿನೀರಿನ ಕೆರೆ, ದೇವಸ್ಥಾನದ ತಳಿ, ತೋಟದ ಹೊಂಡ. ಎಂದರೆ ಜನಕ್ಕೂ ದನಕ್ಕೂ ಬೇಕಾದ ನೀರೇ. ಇವನ್ನು ಎಣಿಸಿ, ಒಂದೊಂದರಲ್ಲಿ ಏನೇನಿದೆಯೆಂದು ಬರೆದಿಡುವುದು ಪ್ರೌಢಶಾಲೆಯ ಮಕ್ಕಳಿಂದಲೂ ಆಗುವ ಕೆಲಸ. ಕಾರವಾರ ಅಂಕೋಲೆಗಳ ಕಾಲೇಜುಗಳ ಸಸ್ಯಶಾಸ್ತ್ರದ ಅಧ್ಯಾಪಕರು ವರ್ಷಕ್ಕೆರಡು ಸಲ, ಮಳೆ ಹಿಂದೆಗೆದ ಅಕ್ಟೋಬರಿನಲ್ಲೊಮ್ಮೆ, ನೀರು ಇಳಿದ ಏಪ್ರಿಲಿನಲ್ಲೊಮ್ಮೆ, ಅವರೊಡನೆ ಕೆರೆಯ ದಂಡೆಗೆ ಬರಲಿ. ಒತ್ತಿ ಒಣಗಿಸಿದ ಮಾದರಿಗಳು ಪಂಚಾಯತಿಯ ಕಪಾಟಿನಲ್ಲಿರಲಿ. ಪಿಸ್ಟಿಯಕ್ಕೆ ಅಂತರಗಂಗೆಯೆಂಬ ಹೆಸರನ್ನು ಉಳಿಸಿ ಉಳಿದೆರಡಕ್ಕೆ ಬೇರೆ ಹೆಸರು ರೂಢಿಗೆ ಬರಲಿ. ಕೊಂಕಣಿಯಲ್ಲಿ ಒಪ್ಪುವ ಮಾತು ಹುಟ್ಟಿದರೆ ಇನ್ನೂ ಸಂತೋಷ.

ಕೀಳುವ ಕೆಲಸ ಅದರ ಅನಂತರದ್ದು. ಕಿತ್ತದ್ದನ್ನು ದಂಡೆಯಲ್ಲೇ ಗುಡ್ಡೆ ಹಾಕಿದರೆ ಜೂನ್ ತಿಂಗಳ ಮೊದಲ ನೆರೆ ಅದನ್ನು ಮರಳಿ ಕೆರೆಗೇ ಇಳಿಸುತ್ತದೆ. ನೀರು ಹರಿದುಬರುವ ದಾರಿಯಿಂದ ದೂರದ ದಿಣ್ಣೆಯ ಮೇಲೆ, ಮೇ ತಿಂಗಳ ಬಿಸಿಲಿಗೆ ತೆಳುವಾಗಿ ಹರಡಿ, ಗರಿಗರಿಯಾಗುವ ತನಕ ಒಣಗಿಸಬೇಕು.