ಹಿಮದಡಿಯ ನೀರಿಗೆ ಇಳಿಯುವವರು

ಡಿಸೆಂಬರ್ ತಿಂಗಳ ನಸುಕಿನಲ್ಲಿ ನಮ್ಮ ಚಿಂತಾಕಿಯ ಬಾವಿಗಳ ನೀರು ಉಗುರುಬೆಚ್ಚಗಿರುತ್ತದೆ. ಹೊರಗೆ ಗಾಳಿ ಕೊರೆಯುತ್ತಿದ್ದರೂ ನೀರು ನೆಲದೊಳಗಿನ ಶಾಖವನ್ನು ಉಳಿಸಿಕೊಂಡಿರುತ್ತದೆ. ಹೀಗಾಗಿ ಬಾವಿಗೆ ಧುಮುಕಿ ಈಜು ಕಲಿತ ನಮ್ಮ ಹುಡುಗರಿಗೆ ನಿಜವಾದ ತಣ್ಣೀರಿನ ಪರಿಚಯವಿಲ್ಲ. ಟಿ.ವಿ.ಯಲ್ಲಿ ಅಂಟಾರ್ಕ್ಟಿಕದ ಹಿಮಕ್ಕೆ ರಂಧ್ರ ಕೊರೆದು ಒಳಗಿಳಿಯುವವರನ್ನು ನೋಡಿದ ಮೇಲೆ ಅವರು ಕೇಳುವ ಮೊದಲ ಪ್ರಶ್ನೆ: "ಸರ್, ಆ ನೀರು ಗಡ್ಡೆ ಕಟ್ಟುವುದಿಲ್ಲವೇ?"

ಸಿಹಿನೀರು ಸೊನ್ನೆ ಡಿಗ್ರಿಯಲ್ಲಿ ಗಡ್ಡೆ ಕಟ್ಟುತ್ತದೆ. ಸಮುದ್ರದ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಉಪ್ಪಿರುವುದರಿಂದ ಅದು ಮೈನಸ್ 1.8 ಡಿಗ್ರಿಯವರೆಗೂ ದ್ರವವಾಗಿಯೇ ಉಳಿಯುತ್ತದೆ. ಅಲ್ಲಿನ ಹಲವು ಮೀನುಗಳ ರಕ್ತದಲ್ಲಿ ಹಿಮದ ಹರಳು ಬೆಳೆಯದಂತೆ ತಡೆಯುವ ವಿಶೇಷ ಪ್ರೋಟೀನುಗಳಿವೆ. ಮನುಷ್ಯನಿಗೆ ಆ ಭಾಗ್ಯವಿಲ್ಲ. ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಅದಕ್ಕಿಂತ ಮೊದಲೇ ಇನ್ನೊಂದು ಅಪಾಯವಿದೆ. ತೀರ ತಣ್ಣನೆಯ ನೀರಿಗೆ ಬಿದ್ದ ಮೊದಲ ನಿಮಿಷದಲ್ಲಿ ಉಸಿರು ತಾನಾಗಿಯೇ ಏದುತ್ತದೆ. ಆಗ ಬಾಯಿ ನೀರಿನೊಳಗಿದ್ದರೆ ಈಜು ಬಲ್ಲವನೂ ಮುಳುಗುತ್ತಾನೆ. ಪಾಲಕರೇ, ಹಿಮಾಲಯದ ಕಡೆ ಪ್ರವಾಸ ಹೋಗುವ ಮಕ್ಕಳಿಗೆ ಇದನ್ನು ತಪ್ಪದೆ ಹೇಳಿ. ಅಲ್ಲಿನ ಹೊಳೆ ನಮ್ಮ ಮಾಂಜ್ರಾ ಅಲ್ಲ.

ಆದ್ದರಿಂದ ಧ್ರುವದ ಮುಳುಗುಗಾರರು ಕುತ್ತಿಗೆ, ಮಣಿಕಟ್ಟುಗಳಲ್ಲಿ ರಬ್ಬರಿನಿಂದ ಬಿಗಿದ, ನೀರು ಒಳಬರದ ಉಡುಪು ತೊಡುತ್ತಾರೆ. ಒಳಗೆ ಬೆಚ್ಚನೆಯ ಬಟ್ಟೆ, ಅದರ ನಡುವೆ ಗಾಳಿಯ ಪದರ. ಕೌದಿ ಹೊದ್ದರೆ ಬೆಚ್ಚಗಾಗುವುದೂ ಇದೇ ತತ್ವದಿಂದ. ಸಿಲಿಂಡರಿನ ಒತ್ತಿದ ಗಾಳಿ ಹಿಗ್ಗುವಾಗ ಇನ್ನಷ್ಟು ತಂಪಾಗಿ, ಉಸಿರಾಟದ ಕವಾಟದಲ್ಲೇ ಹಿಮ ಕಟ್ಟಬಹುದು. ಅದಕ್ಕೆ ಎರಡು ಪ್ರತ್ಯೇಕ ಕವಾಟಗಳು ಬೇಕು, ರಂಧ್ರದ ಬಳಿ ಹಗ್ಗ ಹಿಡಿದ ಸಂಗಾತಿಯೂ ಬೇಕು.

ಇಷ್ಟೆಲ್ಲ ಸಲಕರಣೆಯಿಲ್ಲದೆ ವೆಡೆಲ್ ಸೀಲ್ ಒಂದು ಗಂಟೆಗೂ ಹೆಚ್ಚು ಕಾಲ ನೀರಿನಡಿ ಇರಬಲ್ಲದು! ಅದು ಶ್ವಾಸಕೋಶದ ಗಾಳಿಯನ್ನು ಬಹುಪಾಲು ಹೊರಬಿಟ್ಟೇ ಮುಳುಗುತ್ತದೆ. ಆಮ್ಲಜನಕದ ದಾಸ್ತಾನು ಇರುವುದು ರಕ್ತ ಮತ್ತು ಸ್ನಾಯುಗಳಲ್ಲಿ. ಎಂಪರರ್ ಪೆಂಗ್ವಿನ್ 500 ಮೀಟರಿಗೂ ಆಳಕ್ಕೆ ಹೋಗುತ್ತದೆ. ಎಲ್ಲ ಪ್ರಾಣಿಗಳೂ ಸಾಧುವಲ್ಲ. 2003ರಲ್ಲಿ ಅಂಟಾರ್ಕ್ಟಿಕದಲ್ಲಿ ಬ್ರಿಟನ್ನಿನ ವಿಜ್ಞಾನಿಯೊಬ್ಬರನ್ನು ಲೆಪರ್ಡ್ ಸೀಲ್ ನೀರಿನಾಳಕ್ಕೆ ಎಳೆದೊಯ್ದು, ಅವರು ತೀರಿಕೊಂಡರು. (ಶುಭಾಶಯ ಪತ್ರಗಳಲ್ಲಿ ಪೆಂಗ್ವಿನ್ ಮತ್ತು ಹಿಮಕರಡಿ ಕೈಕುಲುಕುವುದುಂಟು. ಒಂದು ದಕ್ಷಿಣದ್ದು, ಇನ್ನೊಂದು ಉತ್ತರದ್ದು; ಕಾಡಿನಲ್ಲಿ ಅವು ಎಂದೂ ಭೇಟಿಯಾಗಿಲ್ಲ.)

ಈಗ ಇದೆಲ್ಲ ಪ್ರವಾಸವೂ ಆಗಿದೆ. ಅರ್ಜೆಂಟೀನಾದ ಉಶುವಾಯಾದಿಂದ ಹಡಗು ಹತ್ತಿದರೆ ಸುಮಾರು ಎರಡು ದಿನಗಳ ದಾರಿ. ಖರ್ಚು ಲಕ್ಷಗಟ್ಟಲೆ. ನಿಯಮಗಳೂ ಬಿಗಿ: ಒಂದು ಸ್ಥಳದಲ್ಲಿ ಏಕಕಾಲಕ್ಕೆ ನೂರಕ್ಕಿಂತ ಹೆಚ್ಚು ಜನ ಇಳಿಯುವಂತಿಲ್ಲ, ಪೆಂಗ್ವಿನ್‌ಗಳಿಂದ ಕನಿಷ್ಠ ಐದು ಮೀಟರ್ ದೂರವಿರಬೇಕು. ಹಕ್ಕಿಜ್ವರದ ವೈರಸ್ 2024ರಲ್ಲಿ ಆ ಖಂಡದ ನೆಲದಲ್ಲೂ ಪತ್ತೆಯಾದ ಮೇಲೆ ಬೂಟು ತೊಳೆಯುವ ಕಟ್ಟುನಿಟ್ಟಿಗೆ ಇನ್ನಷ್ಟು ಅರ್ಥ ಬಂದಿದೆ. ಅಷ್ಟು ಹಣ ಸುರಿದು ಬರೇ ಫೋಟೋ ತೆಗೆದುಕೊಂಡು ಬರುವುದು ನನಗಂತೂ ದೊಡ್ಡದೆನಿಸುವುದಿಲ್ಲ.

ಕೆಲಸಕ್ಕೆಂದು ಹೋಗುವ ದಾರಿ ಬೇರೆ. ಭಾರತದ ಮೊದಲ ತಂಡ 1981ರ ಡಿಸೆಂಬರಿನಲ್ಲಿ ಗೋವಾದಿಂದ ಹೊರಟು 1982ರ ಜನವರಿಯಲ್ಲಿ ಅಂಟಾರ್ಕ್ಟಿಕ ಮುಟ್ಟಿತು. 1983-84ರ ತಂಡದಲ್ಲಿ ಸಮುದ್ರ ವಿಜ್ಞಾನಿ ಅದಿತಿ ಪಂತ್, ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ ಇದ್ದರು; ಭಾರತದ ತಂಡದೊಂದಿಗೆ ಅಲ್ಲಿಗೆ ಹೋದ ಮೊದಲ ಮಹಿಳೆಯರು ಅವರೇ. ಮೈತ್ರಿ, ಭಾರತಿ ಎಂಬ ನಮ್ಮ ಎರಡು ನೆಲೆಗಳಿಗೆ ಗೋವಾದ ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ತಂಡಗಳನ್ನು ಕಳಿಸುತ್ತದೆ. ವಿಜ್ಞಾನಿಗಳಷ್ಟೇ ಅಲ್ಲ, ವೈದ್ಯರು, ಅಡುಗೆಯವರು, ವಾಹನ ಮೆಕ್ಯಾನಿಕ್‌ಗಳು, ಎಲೆಕ್ಟ್ರಿಷಿಯನ್ನರೂ ಹೋಗುತ್ತಾರೆ. ಜನರೇಟರ್ ನಿಂತರೆ ಅಲ್ಲಿ ಪ್ರಯೋಗಾಲಯವೂ ನಿಂತಂತೆಯೇ.