ಹುಲ್ಲು ಕೊಚ್ಚುವ ಯಂತ್ರ ಕೊಳ್ಳುವ ಮುನ್ನ

ಮುಂಗಾರು ಹಿಡಿದು ನಾಲ್ಕು ವಾರ ಕಳೆದರೆ ಸಾಕು, ಚನ್ನಗಿರಿ, ಸಂತೆಬೆನ್ನೂರು, ಬಸವಾಪಟ್ಟಣದ ಕಡೆಯ ಅಡಿಕೆ ತೋಟಗಳಲ್ಲಿ ಹುಲ್ಲು ಮೊಣಕಾಲು ಮುಟ್ಟುತ್ತದೆ. ಕುಡುಗೋಲು ಹಿಡಿಯುವ ಆಳುಗಳು ಸಿಗುವುದಿಲ್ಲ. ಸಿಕ್ಕರೂ ಅದೇ ಹೊತ್ತಿಗೆ ಕೊಯ್ಲು, ಸುಲಿತದ ಕೆಲಸಗಳು ಅವರನ್ನು ಕರೆದುಕೊಳ್ಳುತ್ತವೆ. ಆಗ ಮನೆಯಲ್ಲಿ ಮಾತು ಏಳುತ್ತದೆ: ಕಳೆನಾಶಕ ಹೊಡೆಯೋಣವೇ, ಯಂತ್ರ ತರೋಣವೇ?

ಮೊದಲನೆಯದನ್ನು ಬೇಗ ಮುಗಿಸಿಬಿಡೋಣ. ಹೆಚ್ಚು ಬಳಕೆಯಲ್ಲಿರುವ ಗ್ಲೈಫೋಸೇಟ್ ಮನುಷ್ಯರಲ್ಲಿ ಕ್ಯಾನ್ಸರ್‌ಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ವರ್ಗೀಕರಿಸಿತು. ಅದರ ಬಳಕೆಯನ್ನು ಪರವಾನಗಿ ಪಡೆದ ಕೀಟ ನಿಯಂತ್ರಣದವರಿಗೆ ಸೀಮಿತಗೊಳಿಸಿ ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿತು. ಆ ವಾದ ವಿವಾದ ಏನೇ ಇರಲಿ, ತೋಟದ ಬಾವಿಯ ನೀರನ್ನೇ ಅಡುಗೆಗೆ ಸೇದುವ ಮನೆಯವರು ಎರಡು ಸಲ ಯೋಚಿಸಬೇಕು. ಹುಲ್ಲು ಪೂರ್ತಿ ಸತ್ತ ನೆಲ ಮಳೆಗೆ ಕೊಚ್ಚಿಹೋಗುವುದು ಇನ್ನೊಂದು ನಷ್ಟ. ಟಿಲ್ಲರ್ ಹೊಡೆಸಿದರೂ ಹುಲ್ಲು ಹೋಗುತ್ತದೆ, ಆದರೆ ಅಡಿಕೆಯ ಬೇರಿನ ಹೆಚ್ಚು ಪಾಲು ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ಅದೂ ಕಡಿದುಹೋಗುತ್ತದೆ.

ಉಳಿದದ್ದು ಕತ್ತರಿಸುವ ದಾರಿ. ಕತ್ತರಿಸಿದ ಹುಲ್ಲನ್ನು ಹೊರಗೆ ಸಾಗಿಸಬೇಡಿ. ಎಳೆಯ ಹುಲ್ಲಿನ ಒಣತೂಕದಲ್ಲಿ ನೂರಕ್ಕೆ 2ರಿಂದ 4 ಭಾಗ ಸಾರಜನಕ ಇರುತ್ತದೆ. ಅದು ನೀವು ಚೀಲಕ್ಕೆ ಹಣ ಕೊಟ್ಟು ತರುವ ಯೂರಿಯಾದಲ್ಲಿರುವ ಸಾರವೇ. ಸಣ್ಣಗೆ ಕೊಚ್ಚಿ ಅಲ್ಲೇ ಬಿಟ್ಟರೆ ಕೆಲವೇ ವಾರಗಳಲ್ಲಿ ಮಣ್ಣು ಸೇರುತ್ತದೆ. ಅಷ್ಟರವರೆಗೆ ನೆಲಕ್ಕೆ ಹೊದಿಕೆಯಾಗಿ ತೇವ ಕಾಯುತ್ತದೆ. ಭದ್ರಾ ನಾಲೆಯ ನೀರು ತಡವಾಗುವ ವರ್ಷಗಳಲ್ಲಿ ಇದರ ಬೆಲೆ ಏನೆಂದು ನಿಮಗೆ ಹೇಳಬೇಕಾಗಿಲ್ಲ.

ಹೀಗೆ ಕೊಚ್ಚಿ ಹರಡುವುದಕ್ಕೆಂದೇ ಹಿಂದೆ ನಿಂತು ತಳ್ಳಿಕೊಂಡು ಹೋಗುವ ಮಲ್ಚಿಂಗ್ ಮೂವರ್‌ಗಳು ಬರುತ್ತವೆ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತ, ಉಣ್ಣೆಬಟ್ಟೆಯ ಜುಂಗು ಕತ್ತರಿಸುವ ಗಿರಣಿ ಯಂತ್ರವನ್ನು ನೋಡಿ ಮೊದಲ ಹುಲ್ಲು ಯಂತ್ರ ಮಾಡಿದ. ಆ ಉರುಳೆ ಮಾದರಿ ಈಗಲೂ ಉಂಟು, ಮಟ್ಟಸವಾದ ಮೈದಾನಕ್ಕೆ ಚಂದ. ನಮ್ಮ ತೋಟದ ಒರಟು ಹುಲ್ಲಿಗೆ ಅಡ್ಡಲಾಗಿ ಗರಗರ ತಿರುಗುವ ಬ್ಲೇಡಿನ ರೋಟರಿಯೇ ಆಗಬೇಕು.

ಮಲ್ಚಿಂಗ್ ಮಾದರಿಯ ಗುಟ್ಟು ಅದರ ಮುಚ್ಚಳದಲ್ಲಿದೆ. ಸಾಮಾನ್ಯ ಯಂತ್ರ ಕತ್ತರಿಸಿದ ಹುಲ್ಲನ್ನು ಪಕ್ಕಕ್ಕೋ ಹಿಂದಿನ ಚೀಲಕ್ಕೋ ಉಗಿಯುತ್ತದೆ. ಮಲ್ಚಿಂಗ್ ಯಂತ್ರದಲ್ಲಿ ಆ ಬಾಯಿ ಮುಚ್ಚಿರುತ್ತದೆ. ಬಾಗಿದ ಬ್ಲೇಡು ಹುಲ್ಲನ್ನು ಮೇಲಕ್ಕೆ ಎತ್ತಿ, ಗುಮ್ಮಟದಂಥ ಮುಚ್ಚಳದೊಳಗೆ ಸುತ್ತಿಸಿ, ಮತ್ತೆ ಮತ್ತೆ ಕತ್ತರಿಸಿ ಚೂರು ಮಾಡಿ ಕೆಳಗೆ ಬೀಳಿಸುತ್ತದೆ. ಹಾಗಾಗಿ ಅಂಗಡಿಯಲ್ಲಿ ಯಂತ್ರವನ್ನು ಮಗುಚಿಸಿ ನೋಡಿ. ಮುಚ್ಚಳ ಆಳವಾಗಿದೆಯೇ, ಬಾಯಿ ಮುಚ್ಚುವ ಬಿರಡೆ ಜೊತೆಗೇ ಕೊಡುತ್ತಾರೆಯೇ, ಬ್ಲೇಡು ನಿಜಕ್ಕೂ ಮಲ್ಚಿಂಗಿನದೇ ಎಂದು ಕೇಳಿ. ಹಿಂದಿನ ಚೀಲದ ದೊಡ್ಡಗಾತ್ರ ತೋರಿಸಿ ಹೊಗಳಿದರೆ ಮರುಳಾಗಬೇಡಿ, ತೋಟದಲ್ಲಿ ಆ ಚೀಲಕ್ಕೆ ಕೆಲಸವಿಲ್ಲ.

ಈಗ ನಡಿಗೆಯ ಲೆಕ್ಕ. ನಿಮ್ಮ ತೋಟ 9 ಅಡಿ ಅಂತರದ್ದು ಎಂದಿಟ್ಟುಕೊಳ್ಳಿ. ಎರಡೂ ಕಡೆ ಮರದ ಬುಡದಿಂದ ಒಂದೂವರೆ ಅಡಿ ಬಿಟ್ಟರೆ ನಡುವೆ 6 ಅಡಿ ಉಳಿಯುತ್ತದೆ. 21 ಅಂಗುಲದ ಯಂತ್ರವಾದರೆ ಒಂದು ಸಾಲಿಗೆ ನಾಲ್ಕು ಸಲ ಹೋಗಿಬರಬೇಕು. ಎಕರೆಗೆ ಹೆಚ್ಚು ಕಡಿಮೆ 6 ಕಿಲೋಮೀಟರ್! ಬರೀ ತೋಳ್ಬಲದಿಂದ ತಳ್ಳುವ ಯಂತ್ರ ಅಂಗಳಕ್ಕೆ ಸಾಕು, ಎರಡೆಕರೆ ತೋಟಕ್ಕೆ ಖಂಡಿತ ಸಾಲದು. ಚಕ್ರಕ್ಕೂ ಎಂಜಿನ್ ಬಲ ಕೊಡುವ ಮಾದರಿ ಬೇಕು. ಹಿಂದಿನ ಚಕ್ರ ದೊಡ್ಡದಿದ್ದಷ್ಟೂ ಉಬ್ಬುತಗ್ಗು ದಾಟುವುದು ಸುಲಭ.

ಎಲ್ಲ ತೋಟಕ್ಕೂ ಇದು ಆಗುತ್ತದೆಯೇ? ಇಲ್ಲ. ಗದ್ದೆ ಕಿತ್ತು ಮಾಡಿದ ತೋಟದಲ್ಲಿ ಎರಡು ಸಾಲಿಗೊಂದು ಬಸಿಗಾಲುವೆ ಇದ್ದರೆ, ಅಥವಾ ನಡುವೆ ಬಾಳೆ, ಕೋಕೋ ಇದ್ದರೆ ನಾಲ್ಕು ಚಕ್ರದ ಯಂತ್ರ ನಿಮ್ಮ ಹಣಕ್ಕೆ ದಂಡ. ಅಂಥವರು ಹೆಗಲಿಗೆ ಹಾಕುವ ಬ್ರಷ್ ಕಟರ್ ಕೊಳ್ಳುವುದೇ ಲೇಸು. ಮಟ್ಟಸವಾದ, ಬರಿಯ ಅಡಿಕೆಯ ತೋಟದವರು ಮಾತ್ರ ಮೂವರ್ ಬಗ್ಗೆ ಯೋಚಿಸಿ. ಅವರೂ ಮೊಣಕಾಲೆತ್ತರದ ಹುಲ್ಲಿಗೆ ನೇರ ನುಗ್ಗಿಸಬಾರದು, ಎಂಜಿನ್ ಕಟ್ಟಿ ನಿಲ್ಲುತ್ತದೆ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಆರು ಅಂಗುಲವಿದ್ದರೆ ನಾಲ್ಕಕ್ಕೆ ಇಳಿಸಿ. ಒದ್ದೆ ಹುಲ್ಲು ಮುದ್ದೆಯಾಗಿ ಮುಚ್ಚಳಕ್ಕೆ ಅಂಟುತ್ತದೆ, ಆದ್ದರಿಂದ ಮಳೆ ಹೊಳವಾದ ದಿನ ಮಧ್ಯಾಹ್ನದ ಮೇಲೆ ಮಾಡಿ. ಪಾರ್ಥೇನಿಯಂ ಹೂ ಬಿಡುವ ಮೊದಲೇ ಕೊಚ್ಚಿ. ಬೀಜ ಕಟ್ಟಿದ ಮೇಲೆ ಕೊಚ್ಚಿದರೆ ನೀವೇ ಬಿತ್ತಿದ ಹಾಗೆ. ಹಸು ಸಾಕಿದವರು ಒಂದು ಮೂಲೆಯನ್ನು ಕುಡುಗೋಲಿಗೇ ಬಿಡಿ, ಚೂರಾದ ಹುಲ್ಲನ್ನು ನೆಲದಿಂದ ಬಾಚಿ ಹಸುವಿಗೆ ಹಾಕಲು ಆಗುವುದಿಲ್ಲ.

ಬುಡದ ಒಂದೂವರೆ ಅಡಿ ಬಿಡಿ ಎಂದೆನಲ್ಲ, ಅದಕ್ಕೆ ಕಾರಣವಿದೆ. ಮಾವು, ಹಲಸಿನ ಕಾಂಡಕ್ಕೆ ಪೆಟ್ಟು ಬಿದ್ದರೆ ಹೊಸ ತೊಗಟೆ ಬೆಳೆದು ಗಾಯ ಮುಚ್ಚುತ್ತದೆ. ಅಡಿಕೆ, ತೆಂಗು, ಖರ್ಜೂರದ ಜಾತಿಗೆ ಆ ಶಕ್ತಿಯಿಲ್ಲ. ಬ್ಲೇಡೋ ಕಟರಿನ ನೈಲಾನ್ ದಾರವೋ ಮಾಡಿದ ಗಾಯ ಮರ ಇರುವಷ್ಟು ಕಾಲ ಹಾಗೆಯೇ ಉಳಿದು, ರೋಗಕ್ಕೆ ಬಾಗಿಲಾಗುತ್ತದೆ. ಎಳೆಯ ಸಸಿಯ ಸುತ್ತ ಕೈಯಿಂದಲೇ ಹುಲ್ಲು ಕೀಳಿ.

ಅಪಾಯದ ಮಾತನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. 21 ಅಂಗುಲದ ಬ್ಲೇಡು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 300 ಕಿಲೋಮೀಟರ್. ಅದಕ್ಕೆ ತಾಗಿದ ಕಲ್ಲಿನ ಚೂರು ಗುಂಡಿನಂತೆ ಹಾರುತ್ತದೆ. ಯಂತ್ರ ಚಾಲೂ ಇರುವಾಗ ಮಕ್ಕಳು ತೋಟದಲ್ಲಿರಕೂಡದು, ನೋಡಲೂ ಸಹ. ಹಿಡಿಯ ಬಳಿ ಒಂದು ಸರಳಿರುತ್ತದೆ. ಕೈ ಬಿಟ್ಟ ಕೂಡಲೇ ಬ್ಲೇಡು ನಿಲ್ಲಬೇಕು. ಮೂರು ಸೆಕೆಂಡಿನೊಳಗೆ ನಿಲ್ಲಲೇಬೇಕು ಎಂಬ ನಿಯಮ ಅಮೆರಿಕದಲ್ಲಿ 1982ರಿಂದಲೇ ಇದೆ. ನಮ್ಮಲ್ಲಿ ಕೈ ನೋಯುತ್ತದೆಂದು ಆ ಸರಳನ್ನೇ ಹಗ್ಗದಿಂದ ಕಟ್ಟಿಬಿಡುವವರಿದ್ದಾರೆ! ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಕಟ್ಟಿದ್ದರೆ ಇವತ್ತೇ ಬಿಚ್ಚಿ. ಸಿಕ್ಕಿಕೊಂಡ ಹುಲ್ಲು ತೆಗೆಯುವ ಮುನ್ನ ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಿ. ಸೆರಗು, ದುಪಟ್ಟಾ ಬಿಗಿದು ಕಟ್ಟಿ, ಗಟ್ಟಿ ಬೂಟು ಹಾಕಿ. ಆರಂಭಿಸುವ ಮೊದಲು ಒಂದು ಸುತ್ತು ಹೋಗಿ ಬಿದ್ದ ಹಾಳೆ, ಸೋಗೆ, ಕಲ್ಲು ಆರಿಸಿ, ಹನಿ ನೀರಾವರಿಯ ಪೈಪನ್ನು ಬುಡಕ್ಕೆ ಸರಿಸಿ. ಹಾವು ಇದ್ದರೆ ಅದಕ್ಕೂ ಸರಿದು ಹೋಗಲು ಸಮಯ ಸಿಗುತ್ತದೆ.

ಹಣದ ವಿಷಯ. ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ 2014-15ರಲ್ಲಿ ಆರಂಭವಾದಾಗಿನಿಂದ ಅದರ ಮಾರ್ಗಸೂಚಿಯಲ್ಲಿ ಮಹಿಳಾ ರೈತರಿಗೆ ಸಹಾಯಧನದ ಪ್ರಮಾಣ ಹೆಚ್ಚು. ಅನೇಕ ಯಂತ್ರಗಳಿಗೆ ಇತರರಿಗೆ ನೂರಕ್ಕೆ 40 ಇದ್ದಲ್ಲಿ ಮಹಿಳೆಯರಿಗೆ 50. ಪಹಣಿ ನಿಮ್ಮ ಹೆಸರಿನಲ್ಲಿದ್ದರೆ ಅರ್ಜಿಯೂ ನಿಮ್ಮ ಹೆಸರಿನಲ್ಲೇ ಹೋಗಲಿ. ಆದರೆ ಯಾವ ಯಂತ್ರ, ಯಾವ ಕಂಪೆನಿ ಎಂಬ ಪಟ್ಟಿ ಬದಲಾಗುತ್ತಿರುತ್ತದೆ. ಕೊಂಡು ಬಂದು ಬಿಲ್ಲು ತೋರಿಸುವುದಲ್ಲ, ಕೊಳ್ಳುವ ಮೊದಲೇ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ವರ್ಷಕ್ಕೆ ನಾಲ್ಕೈದು ಸಲ ಕೊಚ್ಚುವುದಕ್ಕೆ ಅಕ್ಕಪಕ್ಕದ ಮೂರು ಮನೆಯವರು ಸೇರಿ ಒಂದೇ ಯಂತ್ರ ಕೊಂಡರೂ ಸಾಕು. ಯಾರ ಸರದಿಯಲ್ಲಿ ಬ್ಲೇಡು ಮಸೆಸುವುದು, ಎಂಜಿನ್ ಆಯಿಲ್ ಬದಲಿಸುವುದು ಎಂಬುದನ್ನು ಹಣ ಕೊಡುವ ಮೊದಲೇ ಕಾಗದದಲ್ಲಿ ಬರೆದಿಡಿ.