ಹೆಚ್ಚಿನ ಅಕ್ಕಿ ಮತ್ತು ಬಳ್ಳಾರಿಯ ಅದಿರು

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಪತ್ನಿ ಲಕ್ಕಮ್ಮನವರು ಅದನ್ನೊಪ್ಪದೆ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗ ಶರಣಬಂಧುಗಳಿಗೆ ತಿಳಿದದ್ದೇ. ಇದನ್ನು ಒಂದು ಮನೆಯ ಸದಾಚಾರವೆಂದಷ್ಟೇ ಓದಿದರೆ ಅರ್ಥ ಪೂರ್ಣವಾಗದು. ಅಂಗಳದ ಅಕ್ಕಿ ಎಲ್ಲರದು; ಒಬ್ಬರು ಮಿತಿಮೀರಿ ಬಾಚಿದರೆ ಮತ್ತೊಬ್ಬರಿಗೆ ಉಳಿಯದು. ಆದುದರಿಂದ ಅದು ಅರ್ಥನೀತಿಯೂ ಹೌದು.

ನಾಡಿನ ನೆಲದೊಳಗಿನ ಅದಿರೂ ಅಂಥದೇ ಅಂಗಳದ ಅಕ್ಕಿ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುನ್ನಿನ ವರ್ಷಗಳಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಟನ್ನಿಗೆ ಸಾವಿರಾರು ರೂಪಾಯಿಗೇರಿತು. ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನವಾದರೋ 2009ರ ಆಗಸ್ಟ್‌ವರೆಗೂ ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ. ಈ ಅಂತರದಲ್ಲಿ ಲೋಭ ಬೇರುಬಿಟ್ಟಿತು. ಅಕ್ರಮ ಅಗೆತ, ಮಿತಿಮೀರಿದ ಭಾರದ ಲಾರಿಗಳು, ಕಂಡೂ ಕಾಣದಂತಿದ್ದ ಚೆಕ್‌ಪೋಸ್ಟ್‌ಗಳು ಬಳ್ಳಾರಿಯ ನಿತ್ಯದ ನೋಟವಾದವು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಸಲ್ಲಿಸಿದ ವರದಿಯು ಬೊಕ್ಕಸದ ನಷ್ಟವನ್ನು 16,085 ಕೋಟಿ ರೂಪಾಯಿಯೆಂದು ಅಂದಾಜಿಸಿತು.

ಲಂಚದಿಂದ ಕೆಲಸವಾದರೂ ಬೇಗ ಆಗುತ್ತದೆ, ಅಭಿವೃದ್ಧಿ ನಿಲ್ಲದು ಎನ್ನುವವರಿದ್ದಾರೆ. ಅವರಿಗೆ ಬಳ್ಳಾರಿಯೇ ಉತ್ತರ. ಅದೇ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಆ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಬೆಟ್ಟ, ಕಾಡು ಉಳಿಯಲು ಅದು ಅನಿವಾರ್ಯವಾಗಿತ್ತು. ಆದರೆ ಅದರ ಭಾರ ಬಿದ್ದುದು ಯಾರ ಮೇಲೆ? ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಅದಿರಿಲ್ಲದೆ ಉತ್ಪಾದನೆ ತಗ್ಗಿಸಬೇಕಾಯಿತು. ಸಾಲ ಮಾಡಿ ಕೊಂಡ ಲಾರಿಗಳು ನಿಂತಲ್ಲೇ ನಿಂತವು. ಗಣಿಯ ಕೂಲಿಕಾರರು ಕಾಯಕ ಕಳೆದುಕೊಂಡರು. ಕದ್ದವರು ಕೆಲವರು, ದಂಡ ತೆತ್ತವರಲ್ಲಿ ಕದಿಯದವರೇ ಬಹಳ.

ನ್ಯಾಯವೂ ತಡವಾಯಿತು. 2010ರಲ್ಲಿ ವಶಪಡಿಸಿಕೊಂಡು ಬೇಲೆಕೇರಿ ಬಂದರಿನಲ್ಲಿರಿಸಿದ್ದ ಅದಿರೇ ಕಣ್ಮರೆಯಾಯಿತು. ಆ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯದ ತೀರ್ಪು ಬಂದುದು 2024ರಲ್ಲಿ. ಮರುತಿಂಗಳೇ ಉಚ್ಚ ನ್ಯಾಯಾಲಯ ಶಿಕ್ಷೆಯನ್ನು ಅಮಾನತಿನಲ್ಲಿರಿಸಿತು. ಹೀಗಿರುವಲ್ಲಿ ಪ್ರಾಮಾಣಿಕ ಉದ್ಯಮಿ ಬಂಡವಾಳ ಹೂಡಲು ಹಿಂಜರಿಯುತ್ತಾನೆ, ಪ್ರಭಾವವುಳ್ಳವನು ಮುಂದೆ ಬರುತ್ತಾನೆ. ಬೆಳೆಯುವ ನಾಡು ಕುಂಠಿತವಾಗುವುದು ಈ ಬಗೆಯಲ್ಲಿ.

ಕೆಂಗೇರಿ ಉಪನಗರದ ಗೃಹಸ್ಥರು ತೆರುವ ತೆರಿಗೆ ಮತ್ತು ಸಂಡೂರಿನ ಬೆಟ್ಟದ ಅದಿರಿನ ರಾಜಧನ, ಎರಡೂ ಒಂದೇ ಭಂಡಾರಕ್ಕೆ ಸೇರಬೇಕಾದವು. ಅಲ್ಲಿ ಸೋರಿದ್ದನ್ನು ಇಲ್ಲಿಂದ ತುಂಬಬೇಕಾಗುತ್ತದೆ. ಇಲ್ಲವೇ ಶಾಲೆ, ಆಸ್ಪತ್ರೆ, ರಸ್ತೆಗಳು ಕಾಯಬೇಕಾಗುತ್ತದೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರಿಗೆ ಭಂಡಾರವೆಂಬುದು ಪರರ ಒಡವೆ, ತನ್ನದಲ್ಲ ಎಂಬ ಅರಿವಿತ್ತು. ಇಂದು ಅಧಿಕಾರದಲ್ಲಿರುವವರಿಗೆ ಬೇಕಾದುದು ಆ ಅರಿವು.

ಕಾನೂನು, ಲೋಕಾಯುಕ್ತ, ನ್ಯಾಯಾಲಯ ಎಲ್ಲವೂ ಬೇಕು. ಆದರೆ ಅವು ಕಳವಾದ ಮೇಲೆ ಬರುವಂಥವು. ಲಕ್ಕಮ್ಮನವರ ಪ್ರಶ್ನೆ ಅಕ್ಕಿ ಒಲೆಯ ಮೇಲೇರುವ ಮುನ್ನವೇ ಬಂದಿತು. ಚುನಾವಣೆಯ ಹೊತ್ತಿಗೆ ಮನೆಬಾಗಿಲಿಗೆ ಬರುವ ಹಣವನ್ನು, ಅಧಿಕಾರದಲ್ಲಿರುವ ಮಗ ತರುವ ಹೆಚ್ಚಿನ ಗಂಟನ್ನು, ಇದು ಎಲ್ಲಿಂದ ಬಂತೆಂದು ಪ್ರತಿ ಮನೆಯೂ ಕೇಳಲಿ. ಹಿಂದಿರುಗಿಸುವ ಧೈರ್ಯವೂ ಆ ಮನೆಗಿರಲಿ.